ಒಂದೇ ಪಾತ್ರೆಯ ಮರುವಾಯಿ

ಎಮ್ಮೆಸ್ಸಿ ಮುಗಿಸಿದ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ ಮರುವಾಯಿ ಅರೆಯುವುದು. ಮರುವಾಯಿ ಎಂದರೆ ಕರಾವಳಿಯವರು ಅಳಿವೆಯ ಕೆಸರಿನಿಂದ ಹೆಕ್ಕಿ ತಂದು ಸಾರು ಮಾಡಿ ತಿನ್ನುವ ಚಿಪ್ಪು. ಕಡಲಿನ ವಿಷ ಅದರ ಮೈಯೊಳಗೆ ಹೋಗಿ ಏನಾಗುತ್ತದೆ ಎಂದು ನೋಡುವ ಒಂದು ಯೋಜನೆ ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಬಂದಿತ್ತು. ಕಡಲು ಎಲ್ಲೋ, ಚಿಪ್ಪು ಅರೆಯುವುದು ಎಲ್ಲೋ! ಯಾಕೆ ಎಂದು ನಾನು ಕೇಳಲಿಲ್ಲ. ಕೆಲಸ ಸಿಕ್ಕಿದ್ದೇ ಪುಣ್ಯ ಎಂದು ಬಾಯಿ ಮುಚ್ಚಿಕೊಂಡು ಅರೆದೆ.

ನಮ್ಮದು ಚಾಮರಾಜಪುರಂನಲ್ಲಿ ಮನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮಠಕ್ಕೆ ನಡೆದುಕೊಳ್ಳುವವರು, ಮೊಟ್ಟೆ ಅಂಗಡಿಯ ಮುಂದೆ ಹಾದು ಹೋಗುವಾಗ ಸೆರಗಿನಿಂದ ಮೂಗು ಮುಚ್ಚುವವರು. ಸಂಜೆ ನಾನು ಗೇಟು ತೆಗೆಯುವ ಸದ್ದಾದರೆ ಸಾಕು, ಅಮ್ಮ ಒಳಗಿನಿಂದಲೇ ಕೂಗುತ್ತಿದ್ದಳು.

"ಅಲ್ಲೇ ನಿಂತ್ಕೋ! ಹಂಗೇ ಒಳಗೆ ಬಂದ್ಬುಟ್ಟೀಯ. ಹಿಂದ್ಗಡೆಯಿಂದ ಬಚ್ಚಲಿಗೆ ಹೋಗು."

"ಕೈ ತೊಳ್ಕೊಂಡೇ ಬಂದಿದೀನಮ್ಮ."

"ತೊಳ್ದ್ರೆ ಹೋಗೋ ವಾಸ್ನೆನಾ ಅದು? ಚಿಪ್ಪು ಬಡಿಯೋಕೆ ಎಮ್ಮೆಸ್ಸಿ ಬೇಕಾಗಿತ್ತಾ ಕಣೇ? ಎಸ್ಸೆಲ್ಸಿಗೇ ನಿಲ್ಲಿಸ್ಬುಟ್ಟಿದ್ರೆ ಆಗ್ತಿತ್ತು."

ತಲೆಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿದ ಮೇಲೆ ನನಗೆ ಕಾಫಿ. ಮೊದಮೊದಲು ಜಗಳ ಆಡಿದೆ. ನನಗೂ ಮೂಗಿನ ತುದಿಯಲ್ಲೇ ಕೋಪ. ಆಮೇಲೆ ಸುಮ್ಮನಾದೆ, ಯಾಕೆಂದರೆ ಆ ಕೆಲಸದಿಂದ ಬಂದ ಮೇಲೆ ಸ್ನಾನ ಬೇಕು ಎಂದು ನನಗೇ ಅನಿಸತೊಡಗಿತ್ತು.

ಚಿಪ್ಪುಗಳು ರಾತ್ರಿ ಬಸ್ಸಿನಲ್ಲಿ ಒದ್ದೆ ಗೋಣಿಯಲ್ಲಿ ಬರುತ್ತಿದ್ದವು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವುದು ನನ್ನ ಪಾಲಿಗೆ. ಕಂಡಕ್ಟರು "ನಿಮ್ಮ ಗೋಣಿ ರಾತ್ರಿಯೆಲ್ಲಾ ಮಾತಾಡ್ತಿತ್ತು ಕಣ್ರೀ, ನಿದ್ದೆನೇ ಇಲ್ಲ" ಎನ್ನುತ್ತಿದ್ದ. ನಿಜವೇ. ಕಿವಿ ಕೊಟ್ಟರೆ ಒಳಗೆ ಕಟಕಟ ಎಂದು ಬಾಯಿ ತೆರೆದು ಮುಚ್ಚುವ ಸದ್ದು. ಜೀವ ಇರುವ ಚಿಪ್ಪು ಅದು. ಆಟೋದಲ್ಲಿ ಕಾಲ ಬಳಿ ಇಟ್ಟುಕೊಂಡು ಬರುವಾಗ ಆ ಸದ್ದು ನನ್ನ ಪಾದಕ್ಕೆ ತಾಗುತ್ತಿತ್ತು.

ಆ ದಿನಗಳಲ್ಲೇ ನನಗೆ ಟೀಚರ್ ಮತ್ತೆ ಸಿಕ್ಕಿದ್ದು. ಮಿಡ್ಲ್‌ಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಕರಾವಳಿಯ ಹುಡುಗಿ, ಮೈಸೂರಿನ ಹಳೆಯ ಕ್ರೈಸ್ತ ಕುಟುಂಬಕ್ಕೆ ಮದುವೆಯಾಗಿ ಬಂದು ನಜರ್‌ಬಾದಿನಲ್ಲೇ ನೆಲೆಸಿದವರು. ಯಜಮಾನರು ತೀರಿಕೊಂಡು ಕೆಲವು ವರ್ಷವಾಗಿತ್ತು, ಮೈದುನನ ಸಂಸಾರದ ಜೊತೆ ಇದ್ದರು. ಅವರಿಗೆ ಒಬ್ಬಳು ಮಗಳಿದ್ದಳಂತೆ, ಚಿಕ್ಕಂದಿನಲ್ಲೇ ಹೋದಳಂತೆ ಎಂದು ಸ್ಕೂಲಿನಲ್ಲಿ ನಮಗೆಲ್ಲ ಗೊತ್ತಿತ್ತು. ಹೇಗೆ ಎಂದು ಗೊತ್ತಿರಲಿಲ್ಲ. ಆರು ವರ್ಷದ ಮಕ್ಕಳನ್ನು ಕಂಡರೆ ಟೀಚರ್ ಮುಖ ಆ ಕಡೆ ತಿರುಗಿಸುತ್ತಾರೆ ಎಂದು ಮಾತ್ರ ಗಮನಿಸಿದ್ದೆವು.

ಮಾರ್ಕೆಟ್ಟಿನ ಹತ್ತಿರ ಸಿಕ್ಕವರು "ಏನ್ ಮಾಡ್ಕೊಂಡಿದ್ದೀಯೇ?" ಎಂದು ಕೇಳಿದರು. ನಾನು ನಗುತ್ತಾ ಹೇಳಿದೆ. ಮರುವಾಯಿ ಎಂಬ ಮಾತು ಕೇಳಿದೊಡನೆ ಅವರು ಕೈಯಲ್ಲಿದ್ದ ಚೀಲವನ್ನು ನೆಲಕ್ಕೆ ಇಳಿಸಿದರು.

"ಭಾನುವಾರ ಮನೆಗೆ ಬಾ. ತಪ್ಪಿಸ್ಬೇಡ."

ಹೋದೆ. ಚರ್ಚಿನ ಪೂಜೆಯಿಂದ ಬಂದು ಸೀರೆ ಕೂಡ ಬದಲಾಯಿಸದೆ ಕೂತಿದ್ದರು. ಕಾಫಿ ಕೊಟ್ಟರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇಲ್ಲ. ಲೆಕ್ಕ ಬಿಡಿಸುವಂತೆಯೇ ಹೇಳಿದರು.

ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಯಜಮಾನರು ಮೈಸೂರಿನಲ್ಲೇ ಉಳಿದಿದ್ದರು. ಟೀಚರ್ ತಾಯಿ ಏಳು ನೀರಿನಲ್ಲಿ ತೊಳೆದು ಮಧ್ಯಾಹ್ನಕ್ಕೆ ಮರುವಾಯಿ ಸಾರು ಮಾಡಿದರು. ಆ ಮನೆಯಲ್ಲಿ ಒಂದು ಪದ್ಧತಿ. ಚಿಪ್ಪು ಬೇಯುವಾಗ ಪಾತ್ರೆಯೊಳಗೆ ಬೆಳ್ಳಿಯದೇನಾದರೂ ಹಾಕುವುದು. ಬೆಳ್ಳಿ ಕಪ್ಪಾದರೆ ವಿಷ, ಚೆಲ್ಲಿಬಿಡಬೇಕು. ಬಿಳಿಯಾಗೇ ಇದ್ದರೆ ಊಟಕ್ಕೆ ಕೂರಬಹುದು. ಅವತ್ತು ಮಗುವಿನ ಕೊರಳಿನಲ್ಲಿದ್ದ ಕನ್ಯಾಮಾತೆಯ ಬೆಳ್ಳಿ ಪದಕವನ್ನೇ ದಾರ ಕಟ್ಟಿ ಇಳಿಬಿಟ್ಟರಂತೆ. ಮಗು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡಿತಂತೆ. ಪದಕ ಥಳಥಳ ಹೊಳೆಯುತ್ತಾ ಮೇಲೆ ಬಂತು.

"ಬಿಸಿ ಆರಿಸಿ ನಾನೇ ಮತ್ತೆ ಅವಳ ಕೊರಳಿಗೆ ಹಾಕ್ದೆ" ಎಂದರು ಟೀಚರ್.

ಟೀಚರ್, ಮಗಳು ಇಬ್ಬರೂ ಊಟಕ್ಕೆ ಕೂತರು. ಅಡುಗೆ ಮಾಡಿದವರು ಕೊನೆಗೆ ಉಣ್ಣುವುದು, ಆದ್ದರಿಂದ ಅಜ್ಜಿ ಬಡಿಸುತ್ತಿದ್ದರು. ಊಟ ಮುಗಿದು ಸ್ವಲ್ಪ ಹೊತ್ತಿಗೆ ಮಗು ನಗತೊಡಗಿತು. "ಅಮ್ಮಾ, ತುಟಿ ಮೇಲೆ ಇರುವೆ ಓಡಾಡ್ತಿದೆ" ಎಂದಿತು. ಟೀಚರಿಗೂ ತುಟಿ ಜುಮ್ಮೆನ್ನುತ್ತಿತ್ತು. ಖಾರ ಜಾಸ್ತಿಯಾಯಿತೇನೋ ಎಂದು ಇಬ್ಬರೂ ನೀರು ಕುಡಿದರು. ಆಮೇಲೆ ಮಗುವಿನ ಕೈಯಿಂದ ಲೋಟ ಜಾರಿತು. ಆಮೇಲೆ ಕಾಲು ನಿಲ್ಲಲಿಲ್ಲ. ಅಜ್ಜಿ ಪಾತ್ರೆಯನ್ನು ಹಿತ್ತಲಿಗೆ ಚೆಲ್ಲಿದರು. ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ, ಟೀಚರ್ ಮಡಿಲಲ್ಲೇ ಉಸಿರು ನಿಂತಿತು.

"ನೋವಾಗ್ಲಿಲ್ಲ ಕಣೇ ಅವಳಿಗೆ" ಎಂದರು. "ನಿದ್ದೆ ಬಂದ ಹಾಗೆ ಸುಮ್ನಾಗ್ಬಿಟ್ಲು. ಏನೂ ಗೊತ್ತಾಗ್ಲಿಲ್ಲ ಅವಳಿಗೆ. ಅಷ್ಟು ಮಾತ್ರ ದೇವರು ದಯೆ ತೋರಿಸ್ದ."

ನಾನು ಕಾಫಿ ಲೋಟ ನೋಡುತ್ತಾ ಕೂತೆ. ಈ ವಿಷ ಮೈಯ ಒಂದೊಂದೇ ಸ್ನಾಯುವನ್ನು ಕಟ್ಟಿಹಾಕುತ್ತದೆ, ಕೊನೆಗೆ ಎದೆಯನ್ನು. ಆದರೆ ಉಸಿರು ಕಟ್ಟುವವರೆಗೂ ಬುದ್ಧಿಯನ್ನು ಮುಟ್ಟುವುದಿಲ್ಲ. ಕೆಲಸಕ್ಕೆ ಸೇರಿದ ವಾರವೇ ನನಗೆ ಓದಲು ಕೊಟ್ಟ ಮೊದಲ ಪಾಠ ಅದು. ಮಗು ಸುಮ್ಮನಾದದ್ದು ನಿದ್ದೆಯಿಂದಲ್ಲ. ನಾಲಿಗೆ ಏಳದೆ, ಕಣ್ಣು ತೆರೆಯಲಾಗದೆ, ಅಮ್ಮ ಕೂಗುತ್ತಿದ್ದುದನ್ನೆಲ್ಲ ಕೇಳಿಸಿಕೊಳ್ಳುತ್ತಾ ಮಲಗಿತ್ತು. ಇದನ್ನು ನಾನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಯಾವ ಬಾಯಲ್ಲಿ ಹೇಳಲಿ?

"ನಾನು ನಿನ್ನ ಕರ್ಸಿದ್ದು ಒಂದು ವಿಷ್ಯ ಕೇಳೋಕೆ" ಎಂದರು ಟೀಚರ್. "ಒಂದೇ ಪಾತ್ರೆ. ಒಂದೇ ಸೌಟು. ಅವಳು ಹೋದ್ಲು, ನಾನು ಉಳ್ಕೊಂಡೆ. ಯಾಕೆ? ಬೇರೆ ಏನೂ ಬೇಡ, ಇದೊಂದು ತಿಳ್ಕೊಂಡು ಸಾಯ್ತೀನಿ."

"ಮಗು ಚಿಕ್ಕದು ಟೀಚರ್, ಮೈತೂಕ ಕಮ್ಮಿ..."

"ಅದನ್ನ ಡಾಕ್ಟ್ರೂ ಹೇಳಿದ್ರು. ಅಷ್ಟೇನಾ? ಅಷ್ಟೇ ಆಗಿದ್ರೆ ನಂಗೆ ಬರೀ ತುಟಿ ಜುಮ್ಮಂದು ಬಿಟ್ಬಿಡ್ತಾ? ನೋಡಿ ಹೇಳು. ನಿಮ್ಮ ಲ್ಯಾಬಲ್ಲಿ ಮಿಷಿನ್ನು ಇದೆ ಅಲ್ವಾ?"

ಮಿಷಿನ್ನು ಇತ್ತು. ಆ ಸೋಮವಾರದಿಂದ ನಾನು ಬೇರೆಯೇ ಕಣ್ಣಿನಿಂದ ಚಿಪ್ಪು ಅರೆದೆ.

ನಮ್ಮ ಕೆಲಸ ಹೀಗೆ. ಕಡಲಿನಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿ ಇದೆ, ವಿಷ ಅದರದ್ದು. ಮರುವಾಯಿ ನೀರು ಸೋಸಿ ಆ ಪಾಚಿಯನ್ನು ತಿನ್ನುತ್ತದೆ. ತಿಂದರೆ ಅದಕ್ಕೇನೂ ಆಗುವುದಿಲ್ಲ, ವಿಷ ಮೈಯಲ್ಲೇ ಉಳಿಯುತ್ತದೆ. ಉಳಿದದ್ದು ಸುಮ್ಮನೆಯೂ ಇರುವುದಿಲ್ಲ. ಚಿಪ್ಪಿನ ಮಾಂಸ ಅದನ್ನು ಒಂದು ಕಡೆ ಕತ್ತರಿಸುತ್ತದೆ, ಇನ್ನೊಂದು ಕಡೆ ಜೋಡಿಸುತ್ತದೆ. ಹಾಗೆ ಬದಲಾದದ್ದು ಕೆಲವೊಮ್ಮೆ ಮೊದಲಿನದಕ್ಕಿಂತ ಸೌಮ್ಯ, ಕೆಲವೊಮ್ಮೆ ಹತ್ತುಪಟ್ಟು ಉಗ್ರ. ನಾನು ಚಿಪ್ಪು ಒಡೆದು, ಹೊಟ್ಟೆಯ ಭಾಗವನ್ನು ಅರೆದು, ಆ ರಸಕ್ಕೆ ಪಾಚಿಯ ವಿಷ ಬೆರೆಸಿ, ಕೊಳವೆಗಳನ್ನು ಬೆಚ್ಚಗಿನ ನೀರಿನಲ್ಲಿ ಇಡುತ್ತಿದ್ದೆ. ಆಗಾಗ ಒಂದು ಹನಿ ತೆಗೆದು ಯಂತ್ರಕ್ಕೆ ಕೊಟ್ಟರೆ ಅದು ಕಾಗದದ ಮೇಲೆ ಗೋಪುರಗಳ ಸಾಲು ಬರೆಯುತ್ತಿತ್ತು. ಒಂದೊಂದು ಗೋಪುರ ವಿಷದ ಒಂದೊಂದು ರೂಪ. ಬೆಳಿಗ್ಗೆ ಎತ್ತರವಿದ್ದದ್ದು ಮಧ್ಯಾಹ್ನಕ್ಕೆ ಕುಸಿಯುತ್ತಿತ್ತು, ಇಲ್ಲದ ಜಾಗದಲ್ಲಿ ಹೊಸದು ಏಳುತ್ತಿತ್ತು.

ನನ್ನನ್ನು ಹೆದರಿಸಿದ್ದು ಅದೇ. ಚಿಪ್ಪು ಸತ್ತು, ಒಡೆದು, ಅರೆದು, ಗಂಜಿಯಾಗಿ ಕೊಳವೆಯಲ್ಲಿ ಕೂತಿದೆ. ಆದರೂ ಅದರ ಮಾಂಸ ಕೆಲಸ ನಿಲ್ಲಿಸಿಲ್ಲ. ನಮ್ಮ ಹಿರಿಯ ವಿಜ್ಞಾನಿ ತಮಾಷೆಯ ಮನುಷ್ಯ. "ನೋಡಿ, ಸತ್ತರೂ ಡ್ಯೂಟಿ ಬಿಡೋಲ್ಲ ಇವು. ನಮ್ಮ ಆಫೀಸಿನೋರು ಕಲೀಬೇಕು" ಎಂದು ನಗುತ್ತಿದ್ದರು. ಎಲ್ಲರ ಜೊತೆ ನಾನೂ ನಕ್ಕೆ. ಹೋಲಿಕೆಗೆಂದು ಒಂದು ಕೊಳವೆಯ ರಸವನ್ನು ಮೊದಲೇ ಚೆನ್ನಾಗಿ ಕುದಿಸುತ್ತಿದ್ದೆವು. ಅದರಲ್ಲಿ ಏನೂ ಬದಲಾಗುತ್ತಿರಲಿಲ್ಲ. ಕುದಿಸಿದರೆ ಮಾಂಸದ ಕೆಲಸ ನಿಲ್ಲುತ್ತದೆ. ವಿಷ ಮಾತ್ರ ಹಾಗೇ ಇರುತ್ತದೆ. ಅಜ್ಜಿಯ ಒಲೆ, ತೊಳೆದ ಏಳು ನೀರು, ಬೆಳ್ಳಿ ಪದಕ, ಯಾವುದೂ ಅದರ ಕೂದಲು ಕೊಂಕಿಸುತ್ತಿರಲಿಲ್ಲ.

ನನಗೆ ಆ ಮಗು ಕಾಣಿಸತೊಡಗಿತು. ಭೂತ ಪ್ರೇತ ಎಂದು ನಗಬೇಡಿ, ನಾನೂ ವಿಜ್ಞಾನ ಓದಿದವಳೇ. ಚಿಪ್ಪು ಒಡೆಯುವಾಗ ಪಕ್ಕದ ಸ್ಟೂಲಿನ ಹತ್ತಿರ ಯಾರೋ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದ ಹಾಗೆ ಅನಿಸುತ್ತಿತ್ತು. ತಿರುಗಿದರೆ ಬಕೆಟ್ಟು. ಮನೆಯಲ್ಲಿ ಅಮ್ಮ ಮಾಡಿದ ಬಿಸಿಬೇಳೆ ಬಾತು ತಿನ್ನುವಾಗ ತುಟಿ ಜುಮ್ಮೆಂದಂತಾಗಿ ತಟ್ಟೆ ತಳ್ಳಿದ್ದಿದೆ. "ಏನಾಯ್ತೇ, ಉಪ್ಪು ಜಾಸ್ತಿನಾ?" ಎಂದು ಅಮ್ಮ ಕೇಳಿದಳು. ಏನೂ ಇಲ್ಲ ಎಂದೆ. ಅವಳು ಎದ್ದು ಬಂದು ನನ್ನ ಹಣೆಗೆ ವಿಭೂತಿ ಹಚ್ಚಿ, ಸದ್ದಿಲ್ಲದೆ ದೃಷ್ಟಿ ತೆಗೆದಳು. ನಾನು ಬೇಡ ಎನ್ನಲಿಲ್ಲ.

ಮಳೆಗಾಲ ಕಳೆದ ಮೇಲೆ ಹಿರಿಯ ವಿಜ್ಞಾನಿ ಚಿಪ್ಪುಗಳನ್ನೆಲ್ಲ ಒಟ್ಟಿಗೆ ಅರೆಯುವುದನ್ನು ಬಿಟ್ಟು ಒಂದೊಂದನ್ನೇ ಬೇರೆ ಬೇರೆ ಅರೆಯಲು ಹೇಳಿದರು. ಆಗ ಕಂಡಿತು. ಒಂದೇ ಅಳಿವೆ, ಒಂದೇ ಗೋಣಿ, ಒಂದೇ ಗಾತ್ರ. ಆದರೂ ಒಂದರ ಕಾಗದದಲ್ಲಿ ಉಗ್ರ ರೂಪದ ಗೋಪುರ ಕಾಗದದ ಅಂಚು ಮುಟ್ಟುತ್ತಿತ್ತು, ಇನ್ನೊಂದರಲ್ಲಿ ಇದ್ದೂ ಇಲ್ಲದಂತೆ. ಅದೇಕೆ ಹಾಗೆ ಎಂದು ಹಿರಿಯರಿಗೂ ಪೂರ್ತಿ ತಿಳಿದಿರಲಿಲ್ಲ. ನನಗಂತೂ ಟೀಚರಿಗೆ ಕೊಡಲು ಒಂದು ಉತ್ತರ ಸಿಕ್ಕಿತು. ಆ ಭಾನುವಾರ ಓಡಿಹೋದೆ ಎಂದೇ ಹೇಳಬೇಕು.

"ಒಂದೇ ಪಾತ್ರೆ ಅಂತ ನೀವು ಅಂದ್ಕೊಂಡಿದ್ದೀರಿ ಟೀಚರ್. ಒಂದೇ ಪಾತ್ರೆ ಅಲ್ಲ ಅದು. ಒಂದೊಂದು ಚಿಪ್ಪೂ ಒಂದೊಂದು ಪಾತ್ರೆ. ಒಂದರೊಳಗೆ ವಿಷ ಬಲಿಯುತ್ತೆ, ಪಕ್ಕದ್ದರಲ್ಲಿ ಸಪ್ಪೆಯಾಗುತ್ತೆ. ತೊಳೆದಿದ್ದು ಸರಿಯಿಲ್ಲ, ಬೇಯಿಸಿದ್ದು ಸರಿಯಿಲ್ಲ, ಅವೆಲ್ಲ ಸುಳ್ಳು. ಯಾರ ತಟ್ಟೆಗೆ ಯಾವ ಚಿಪ್ಪು ಬೀಳುತ್ತೋ ಅಷ್ಟೇ."

"ಅಷ್ಟೇನಾ?" ಎಂದರು. "ಅಷ್ಟೇ" ಎಂದೆ. ಎದ್ದು ಹೋಗಿ ಏಸುವಿನ ಪಟದ ಮುಂದೆ ನಿಂತು ಬಂದರು. ಮುಖ ಹಗುರವಾಗಿತ್ತು ಎಂದು ನನಗೆ ಅನಿಸಿತು. ನವೆಂಬರಿನಲ್ಲಿ ಕ್ರೈಸ್ತರು ಸತ್ತವರನ್ನು ನೆನೆಯುವ ದಿನ ಸ್ಮಶಾನಕ್ಕೆ ಹೋಗಿ ಯಜಮಾನರ ಸಮಾಧಿಗೆ ಮೇಣದಬತ್ತಿ ಹಚ್ಚಿದರಂತೆ, ಮಗಳ ಹೆಸರಿನಲ್ಲೂ ಒಂದು ಹಚ್ಚಿದರಂತೆ. ಅವಳ ಹೆಸರಿನಲ್ಲಿ ಹಚ್ಚುವ ಧೈರ್ಯ ಅದುವರೆಗೂ ಬಂದಿರಲಿಲ್ಲ ಎಂದು ಅವರೇ ಹೇಳಿದರು. ನಾನು ಒಳಗೊಳಗೇ ಬೀಗಿದೆ. ಓದಿದ್ದಕ್ಕೂ ಸಾರ್ಥಕವಾಯಿತು, ಅಮ್ಮ ಏನಾದರೂ ಅಂದುಕೊಳ್ಳಲಿ ಎಂದುಕೊಂಡೆ.

ಮುಂದಿನ ವರ್ಷ ಪ್ರಯೋಗಾಲಯವನ್ನು ಸಾರ್ವಜನಿಕರಿಗೆ ತೆರೆದಿಡುವ ದಿನ ಬಂತು. ಒಂದೊಂದು ವಿಭಾಗದವರೂ ಮೇಜು ಹಾಕಿ ತಮ್ಮ ಕೆಲಸ ತೋರಿಸಬೇಕು. ಬಿಸ್ಕತ್ತು, ಜಾಮು ಕೊಡುವ ಮೇಜಿನ ಮುಂದೆ ಜಾತ್ರೆ. ನಮ್ಮ ಮೇಜಿನ ಮುಂದೆ ಮೂಗು ಹಿಡಿದುಕೊಂಡು ಹಾದು ಹೋಗುವವರೇ ಹೆಚ್ಚು. ಟೀಚರ್ ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು, ಕೊಡೆ ಹಿಡಿದು ಬಂದರು. ನಾನೇ ಕರೆದಿದ್ದೆ. ಗುಂಪಿನ ಹಿಂದೆ ನಿಂತರು.

ನಾನು ಗಿಳಿಪಾಠ ಒಪ್ಪಿಸುತ್ತಿದ್ದೆ. ದೊಡ್ಡದೊಂದು, ಚಿಕ್ಕದೊಂದು ಚಿಪ್ಪನ್ನು ಎತ್ತಿ ತೋರಿಸಿದೆ. ದೊಡ್ಡದು ಹೆಚ್ಚು ನೀರು ಸೋಸುತ್ತದೆ, ಮಾಂಸ ಹೆಚ್ಚು, ಪಾಚಿ ಹೆಚ್ಚುವ ವಿಷದ ಕಾಲದಲ್ಲಿ ಅದರಲ್ಲಿ ಸಿಗುವ ಪಾಲೂ ಸಾಮಾನ್ಯವಾಗಿ ಹೆಚ್ಚು ಎಂದೆ. ಒಳಗೆ ಬದಲಾಗುವ ಬಗೆಯನ್ನು ಎರಡು ಕಾಗದ ಹಿಡಿದು ವಿವರಿಸಿದೆ. ಕೊನೆಗೆ ಎಲ್ಲ ಗುಂಪಿಗೂ ಹೇಳುತ್ತಿದ್ದ ಮಾತನ್ನೇ ಹೇಳಿದೆ. "ಯಾರ ತಟ್ಟೆಗೆ ಯಾವುದು ಬೀಳುತ್ತೋ ಹೇಳೋಕಾಗಲ್ಲ."

ಗುಂಪು ಕರಗಿತು. ಟೀಚರ್ ಕಾಣಲಿಲ್ಲ. ಹೊರಗೆ ಬಂದು ನೋಡಿದರೆ ಮಳೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಬಿಸಿಲಿಲ್ಲದಿದ್ದರೂ ಕೊಡೆ ಬಿಡಿಸಿಕೊಂಡಿದ್ದರು.

"ಯಾಕೆ ಟೀಚರ್? ವಾಸನೆಗೆ ತಲೆ ಸುತ್ತಿತಾ?"

"ದೊಡ್ಡದರಲ್ಲಿ ಜಾಸ್ತಿ ಅಂದ್ಯಲ್ಲ."

"ಹೂಂ. ಸಾಮಾನ್ಯವಾಗಿ."

"ಬೀಳುತ್ತೆ ಬೀಳುತ್ತೆ ಅಂತೀಯಲ್ಲೇ ನೀನು" ಎಂದರು. ಸ್ಕೂಲಿನಲ್ಲಿ ತಪ್ಪು ಲೆಕ್ಕ ಕಂಡಾಗ ಬರುತ್ತಿದ್ದ ಅದೇ ದನಿ. "ತಟ್ಟೆಗೆ ಅದಾಗದೇ ಬಂದು ಬೀಳುತ್ತಾ? ಯಾರಾದ್ರೂ ಹಾಕ್ಬೇಕಲ್ವಾ?"

ನನಗೆ ಅರ್ಥವಾಗಲಿಲ್ಲ. ಅವರು ಕೊಡೆ ಮಡಚಿ ಪಕ್ಕದಲ್ಲಿಟ್ಟರು.

"ತವರಿಗೆ ಬಂದ ಮಗಳು ಅಂತ ನಮ್ಮಮ್ಮ ದೊಡ್ಡ ದೊಡ್ಡದನ್ನೆಲ್ಲ ಆರಿಸಿ ನನ್ನ ತಟ್ಟೆಗೇ ಹಾಕಿದ್ಲು. ಮಗೂಗೆ ಚಿಕ್ಕ ಚಿಕ್ಕದು. ಅವಳು ನನ್ನ ತಟ್ಟೆನೇ ನೋಡ್ತಾ ಕೂತಿದ್ಲು, ಆಸೆ ಕಣ್ಣು. ಬಾಯಿ ಬಿಟ್ಟು ಕೇಳ್ಲಿಲ್ಲ ಪಾಪ. ನಾನು ಚಿಪ್ಪು ಬಿಡಿಸಿ ಬಿಡಿಸಿ ಅವಳ ತಟ್ಟೆಗೆ ಹಾಕ್ತಾ ಹೋದೆ. ನಂಗೆ ಅಂತ ಒಂದೂ ಇಟ್ಕೊಳ್ಳಿಲ್ಲ. ಬರೀ ಸಾರಿನಲ್ಲಿ ಕಲಸ್ಕೊಂಡು ತಿಂದೆ."

ಮರದಿಂದ ಒಣಗಿದ ಕಾಯೊಂದು ಉದುರಿತು. ಇಷ್ಟು ದಿನ ನನ್ನನ್ನು ಕಾಡಿದ ಪ್ರಶ್ನೆಗೆ ಉತ್ತರ ಅವರ ಬಳಿಯೇ ಇತ್ತು. ಅವರಿಗೆ ಅದು ಯಾವತ್ತೋ ಗೊತ್ತಿತ್ತು. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಗೊತ್ತಿದ್ದೂ ಯಾಕೆ ನನ್ನಿಂದ ಅಷ್ಟೆಲ್ಲ ಅರೆಸಿದಿರಿ ಎಂದು ಕೇಳಬೇಕೆನಿಸಿತು. ಅವರ ಮುಖ ನೋಡಿದೆ, ಸಿಟ್ಟು ಇಳಿಯಿತು.

"ನನ್ನ ಪಾಲು ನಾನೇ ತಿಂದಿದ್ರೆ ಅವಳು ಉಳೀತಿದ್ಲಾ? ಸಮಾಧಾನದ ಮಾತು ಬೇಡ. ಲೆಕ್ಕ ಬಿಡ್ಸಿ ಹೇಳು."

ಖಚಿತವಾಗಿ ಹೇಳಲಾಗದು ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ವಿಧಿ ಎನ್ನಬಹುದಿತ್ತು, ದೇವರು ಎನ್ನಬಹುದಿತ್ತು, ಪ್ರೀತಿಯಿಂದ ಕೊಟ್ಟದ್ದು ತಪ್ಪಲ್ಲ ಎನ್ನಬಹುದಿತ್ತು. ಆ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ಆದರೆ ಅವರು ನನಗೆ ಲೆಕ್ಕ ಕಲಿಸಿದವರು.

"ಉಳೀತಿದ್ಲು ಅನ್ಸುತ್ತೆ ಟೀಚರ್" ಎಂದೆ. "ಚಿಕ್ಕದಷ್ಟೇ ತಿಂದಿದ್ರೆ, ಬಹುಶಃ ತುಟಿ ಜುಮ್ಮಂದು ಬಿಟ್ಬಿಡ್ತಿತ್ತು."

"ನಾನು?"

"ನೀವು ಹೋಗ್ತಿದ್ರೋ ಏನೋ."

ಅವರು ತಲೆಯಾಡಿಸಿದರು. ಒಂದು ಸಲ, ಎರಡು ಸಲ.

"ಎಲ್ರೂ ಇಲ್ಲ ಇಲ್ಲ ಅಂತಾನೇ ಅಂದ್ರು ಕಣೇ. ಫಾದರ್ ಅಂದ್ರು. ನಮ್ಮನೆಯವರು ಅಂದ್ರು. ನಮ್ಮಮ್ಮ ಸಾಯೋ ಹೊತ್ತಲ್ಲೂ ನನ್ನ ಕೈ ಹಿಡ್ಕೊಂಡು, ನಿನ್ನದೇನೂ ಇಲ್ಲ ಮಗಾ ಅಂದ್ಲು. ಯಾರ ಹತ್ರಾನೂ ಕೂತು ಅಳೋಕಾಗ್ಲಿಲ್ಲ ನಂಗೆ. ಇಲ್ಲ ಅಂದ್ಮೇಲೆ ಏನಂತ ಅಳ್ಲಿ?"

ಆಮೇಲೆ ಅತ್ತರು. ಅಂಥ ಅಳುವನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ಕೇಳಿದ್ದೆ, ಅದೂ ಹೆಣ ಇನ್ನೂ ಮನೆಯಲ್ಲಿರುವಾಗ. ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ಯಾರೋ ಹೆಂಗಸು ಹತ್ತಿರ ಬಂದು "ಯಾರು ಹೋದ್ರಮ್ಮ?" ಎಂದು ಮೆಲ್ಲಗೆ ಕೇಳಿದರು.

"ಅವರ ಮಗಳು" ಎಂದೆ.

"ಅಯ್ಯೋ ಶಿವನೇ. ಯಾವಾಗ?"

"ಈಗ" ಎಂದೆ ನಾನು.